ಅನ್ನದಾತನು ಯಾರು?

ಮದುವೆ ಮುಂಜಿಗಳ ಪಂಕ್ತಿಭೋಜನವು ಮುಗಿಯುತ್ತಿರಲು, ಉತ್ತರಾಪೋಶನಕ್ಕೆ ನೀರು ಬರುವ ಹೊತ್ತಿಗೆ, ಹಿರಿಯರೊಬ್ಬರು ಉಚ್ಚಕಂಠದಿಂದ ‘ಅನ್ನದಾತಾ ಸುಖೀಭವ’ ಎಂದು ಹರಸುವುದೂ, ಉಳಿದವರು ಅದಕ್ಕೆ ದನಿಗೂಡಿಸುವುದೂ ಅನೇಕ ಮನೆತನಗಳಲ್ಲಿ ಇಂದಿಗೂ ಉಳಿದುಬಂದಿರುವ ರೂಢಿ. ಯಜಮಾನನು ಉತ್ತರೀಯವನ್ನು ನಡುವಿಗೆ ಬಿಗಿದು, ಕೈಜೋಡಿಸಿ ನಿಂತು, ಆ ಹರಕೆಯು ತನಗೆ ಸಂದಿತೆಂದು ತಲೆಬಾಗುತ್ತಾನೆ. ಸಲ್ಲುವುದು ನ್ಯಾಯವೂ ಹೌದು. ಖರ್ಚು ಅವನದು, ಓಡಾಟ ಅವನದು, ಎಲೆಯೆಲೆಯ ಮುಂದೆ ಬಾಗಿ ಉಪಚಾರ ಹೇಳಿದವನೂ ಅವನೇ. ಆದರೆ ಎಲೆಯ ಮೇಲೆ ಬಡಿಸಿದ ಅಕ್ಕಿಯನ್ನು ಅವನು ಬಿತ್ತಲಿಲ್ಲ. ಹುಳಿಯೊಳಗಣ ಬದನೆಯ ಗಿಡಕ್ಕೆ ಅವನು ನೀರೆರೆಯಲಿಲ್ಲ. ಎಲ್ಲವನ್ನೂ ಪೇಟೆಯಿಂದ ಕೊಂಡು ತರಿಸಿದನು. ಹೀಗಿರುವಲ್ಲಿ ಆ ಹರಕೆಯ ಒಂದು ಪಾಲಾದರೂ ಪಂಕ್ತಿಯನ್ನು ದಾಟಿ, ಊರನ್ನು ದಾಟಿ, ಗದ್ದೆಯ ಬದುವಿನ ಮೇಲೆ ನಿಂತಿರುವ ಒಬ್ಬನನ್ನು ಮುಟ್ಟಬೇಕಲ್ಲವೆ?

ತಾರ್ಕಿಕನಾದವನು ಇಲ್ಲಿಯೇ ತಡೆದು ನಿಲ್ಲಿಸಿಯಾನು. ಪ್ರತಿಫಲವನ್ನು ಬಯಸದೆ ತನ್ನ ಒಡೆತನವನ್ನು ಬಿಟ್ಟು ಪರರ ಒಡೆತನವನ್ನು ಉಂಟುಮಾಡುವುದಕ್ಕೆ ದಾನವೆಂದು ಹೆಸರು. ಬೆಳೆಗಾರನು ಮಾಡಿದುದು ದಾನವಲ್ಲ, ವಿಕ್ರಯ. ಬೆಲೆಯನ್ನು ಎಣಿಸಿಕೊಂಡ ಕ್ಷಣದಲ್ಲಿ ಕೊಂಡವನಿಗೂ ಮಾರಿದವನಿಗೂ ನಡುವಣ ಲೆಕ್ಕವು ಚುಕ್ತವಾಯಿತು. ಆಮೇಲೆ ಉಳಿಯುವುದು ಋಣವಲ್ಲ, ಬರಿಯ ಭಾವಾತಿಶಯ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ‘ಹೊಗಳಿಕೆ ಹಾಗಿರಲಿ, ಸರಿಯಾದ ಬೆಲೆ ಕೊಡಿ’ ಎಂದು ಬೆಳೆಗಾರರೇ ಹೇಳುವುದನ್ನು ಯಾವ ಸಂತೆಯಲ್ಲಿಯಾದರೂ ಕೇಳಬಹುದು. ಬೆಲೆಯು ನ್ಯಾಯವಾಗಿದ್ದಲ್ಲಿ ಋಣವು ತೀರುತ್ತದೆಯೆ, ಅಥವಾ ಬೆಲೆಗೆ ಎಟುಕದ ಒಂದಂಶವು ಉಂಡವನ ತಲೆಯ ಮೇಲೆ ಉಳಿಯುತ್ತದೆಯೆ ಎಂಬುದೇ ಇಲ್ಲಿಯ ವಿಚಾರ.

ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯಲ್ಲಿ ವರುಣನ ಮಗನಾದ ಭೃಗುವು ಬ್ರಹ್ಮವನ್ನರಸಿ ತಪಸ್ಸಿಗೆ ಕುಳಿತಾಗ ಅವನಿಗೆ ಮೊದಲು ತೋರಿದುದು ಅನ್ನವೇ. ಅಲ್ಲಿಂದ ಅವನು ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದವನ್ನು ಕಂಡನೆಂಬುದು ಸರ್ವವಿದಿತ. ಆದರೆ ಆನಂದವನ್ನು ಕಂಡಾದ ಮೇಲೆಯೂ ಆ ಉಪನಿಷತ್ತು ಮೇಲೆಯೇ ಉಳಿಯದೆ ಮರಳಿ ಅಡಿಗೆಮನೆಗೆ ಇಳಿದುಬರುತ್ತದೆ. ಅನ್ನವನ್ನು ಹಳಿಯದಿರುವುದು, ತಿರಸ್ಕರಿಸದಿರುವುದು, ಹೆಚ್ಚಿಸುವುದು, ಆಶ್ರಯವನ್ನರಸಿ ಬಂದವನನ್ನು ಹಿಂದಕ್ಕೆ ಕಳುಹದಿರುವುದು ಇವುಗಳನ್ನು ವ್ರತಗಳೆಂದು ವಿಧಿಸುತ್ತದೆ. ಈ ವ್ರತಗಳಲ್ಲಿ ಅನ್ನವನ್ನು ಹೊಗಳಬೇಕೆಂಬುದು ಸೇರಿಲ್ಲವೆಂಬುದನ್ನು ಗಮನಿಸಬೇಕು. ಹೆಚ್ಚಿಸಬೇಕೆಂಬುದು ಸೇರಿದೆ, ಹೆಚ್ಚಿಸುವುದು ನೇಗಿಲಿನ ಕೆಲಸ, ನಾಲಗೆಯದಲ್ಲ.

ಈಗಲಾದರೋ ನಾಲಗೆಯ ಕೆಲಸವೇ ಮುಂದಾಗಿದೆ. ಊರೂರಿನ ಕಾಯಿಪಲ್ಯ, ತಿಂಡಿ ತಿನಿಸು, ನಾಟಿ ತಳಿಗಳನ್ನು ಕುರಿತು ಮೇಳಗಳೇನು, ಪ್ರದರ್ಶನಗಳೇನು, ಬಣ್ಣದ ಚಿತ್ರಗಳ ಪುಸ್ತಕಗಳೇನು! ಇದರಲ್ಲಿ ಕೇಡೇನೂ ಇಲ್ಲ; ಹಿಂದಿದ್ದ ನಾಚಿಕೆಗಿಂತ ಈ ಹೊಗಳಿಕೆಯು ಎಷ್ಟೋ ಲೇಸು. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ, ಪೇಟೆಯ ನೆಂಟರು ಬಂದರೆಂದರೆ ಮುದ್ದೆಯ ಮಡಕೆಯನ್ನು ಮರೆಗೆ ಸರಿಸಿ, ಪಾವು ಅಕ್ಕಿಗಾಗಿ ಹುಡುಗನನ್ನು ನೆರೆಮನೆಗೆ ಓಡಿಸುತ್ತಿದ್ದ ಕಾಲವೊಂದಿತ್ತು. ಅದೇ ರಾಗಿಗೆ 2023ರಲ್ಲಿ ಪಟ್ಟಾಭಿಷೇಕವಾಯಿತು. ಭಾರತದ ಸೂಚನೆಯನ್ನು ಅಂಗೀಕರಿಸಿ ವಿಶ್ವಸಂಸ್ಥೆಯು ಆ ವರ್ಷವನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ದೊಡ್ಡ ದೊಡ್ಡ ಔತಣಗಳಲ್ಲಿ ರಾಗಿಯು ಬೆಳ್ಳಿಯ ತಟ್ಟೆಯನ್ನೇರಿತು. ಆ ಸಾಲಿನ ಮುಂಗಾರು ಬೆಳೆಗೆ ಕೇಂದ್ರ ಸರಕಾರವು ಗೊತ್ತುಮಾಡಿದ್ದ ರಾಗಿಯ ಬೆಂಬಲ ಬೆಲೆಯು ಕ್ವಿಂಟಾಲಿಗೆ 3,846 ರೂಪಾಯಿ, ಎಂದರೆ ಕಿಲೋಗ್ರಾಮಿಗೆ 38 ರೂಪಾಯಿ 46 ಪೈಸೆ. ಅದಾದರೂ ಮೂಟೆಯನ್ನು ಖರೀದಿ ಕೇಂದ್ರದವರೆಗೆ ಸಾಗಿಸಿ, ಸರದಿಯಲ್ಲಿ ಕಾದು ಕುಳಿತವನಿಗೆ. ಅದೇ ರಾಗಿಯು ಬಿಸ್ಕತ್ತಾಗಿ ಬಣ್ಣದ ಪೊಟ್ಟಣವನ್ನು ಹೊಕ್ಕು ಅಂಗಡಿಯ ಮೆಟ್ಟಿಲನ್ನೇರಿದಾಗ ಅದರ ಬೆಲೆಯೇನಾಗುತ್ತದೆಂಬುದನ್ನು ಮನೆಯ ಖರ್ಚಿನ ಲೆಕ್ಕವನ್ನು ಬರೆಯುವ ಗೃಹಿಣಿಯರು ಬಲ್ಲರು.

ಧಾನ್ಯಸ್ತುತಿಯು ಕನ್ನಡಕ್ಕೆ ಹೊಸದೂ ಅಲ್ಲ. ಕನಕದಾಸರು ‘ರಾಮಧಾನ್ಯಚರಿತ್ರೆ’ಯಲ್ಲಿ ವ್ರೀಹಿಗೂ ನರೆದಲೆಗನಿಗೂ, ಎಂದರೆ ಭತ್ತಕ್ಕೂ ರಾಗಿಗೂ, ಶ್ರೀರಾಮನ ಇದಿರಿನಲ್ಲಿ ವಾದವನ್ನು ಹೂಡಿಸಿದ್ದಾರೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಹೊರತೆಗೆಸಿದಾಗ ಭತ್ತವು ಕಳೆಗುಂದಿತ್ತು, ರಾಗಿಯು ಇದ್ದಂತೆಯೇ ಇತ್ತು. ಗೆದ್ದ ರಾಗಿಗೆ ರಾಘವನ ಹೆಸರೇ ಬಿರುದಾಯಿತು. ಹಗೇವಿನಲ್ಲಿ ತುಂಬಿಟ್ಟ ರಾಗಿಯು ವರ್ಷಗಟ್ಟಲೆ ಕೆಡದೆ ಉಳಿಯುವುದನ್ನು ಕಂಡಿದ್ದ ಜನರಿಗೆ ಆ ಸೆರೆಯ ಕಥೆಯಲ್ಲಿ ಅದ್ಭುತವೇನೂ ತೋರಿರಲಾರದು. ಅಲ್ಲಿ ರಾಗಿಗೆ ಸಂದ ಹೊಗಳಿಕೆಯು ಅದರ ರುಚಿಗಾಗಿ ಬಂದುದಲ್ಲ. ಕ್ಷಾಮದಲ್ಲಿ ಬಡವನನ್ನು ಕೈಬಿಡದೆ ಅದು ಅವನ ಪಕ್ಷದಲ್ಲಿ ನಿಂತಿತೆಂಬುದಕ್ಕಾಗಿ ಬಂದುದು. ಈಗಿನ ಹೊಗಳಿಕೆಯಾದರೋ ಬಹುಮಟ್ಟಿಗೆ ಉಣ್ಣುವವನ ಮೈಯನ್ನೇ ಸುತ್ತಿಕೊಂಡಿದೆ: ಸಕ್ಕರೆ ರೋಗಕ್ಕೆ ಹಿತ, ಎಲುಬಿಗೆ ಬಲ, ಬೊಜ್ಜಿಗೆ ಮದ್ದು. ಎರಡೂ ರಾಗಿಯ ಸ್ತುತಿಗಳೇ. ಆದರೆ ಮೊದಲನೆಯದು ಹಸಿದವನ ಕಡೆಗೆ ನೋಡುತ್ತದೆ. ಎರಡನೆಯದು ಕನ್ನಡಿಯ ಕಡೆಗೆ.

‘ಸ್ಥಳೀಯ’ವೆಂಬ ಮಾತನ್ನೂ ಒಮ್ಮೆ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು. ಈ ನೆಲದ್ದೇ ಎಂದು ಎದೆತಟ್ಟಿ ಹೇಳಿಕೊಳ್ಳುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಅದು ಈ ದೇಶಕ್ಕೆ ಬಂದುದು ಸಾವಿರಾರು ವರ್ಷಗಳ ಹಿಂದೆ. ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ದುಡಿದ, ಜನರು ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಕರೆದ ವಿಜ್ಞಾನಿಗಳು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದಾಗ, ಬಹುಕಾಲದ ಹಿಂದೆ ಬೇರೆಯಾದ ದಾಯಾದಿಗಳನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದಂತಾಯಿತು. ಮೆಣಸಿನಕಾಯಿಯು ಅಮೆರಿಕದ್ದು, ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗನ್ನೇರಿ ಬಂದಿತು. ಅದಕ್ಕೆ ಮುಂಚೆ ಕನ್ನಡನಾಡಿನ ಸಾರಿಗೆ ಖಾರವನ್ನು ಕೊಡುತ್ತಿದ್ದುದು ಕರಿಮೆಣಸೇ. ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದೇ. ಚಿಕ್ಕಮಗಳೂರಿನ ಕಾಫಿಯ ಬೀಜವನ್ನು ಬಾಬಾ ಬುಡನ್ನರು ಅರಬರ ದೇಶದಿಂದ ತಂದರೆಂಬ ಐತಿಹ್ಯವು ಮಕ್ಕಳಿಗೂ ಗೊತ್ತು. ಮೂಲವನ್ನೇ ಪ್ರಮಾಣವಾಗಿ ಹಿಡಿದರೆ ಈ ನಾಡಿನ ಅಡಿಗೆಮನೆಯ ಅರ್ಧ ಡಬ್ಬಿಗಳನ್ನು ಬರಿದುಮಾಡಬೇಕಾದೀತು.

ಹಾಗಾದರೆ ಮಣ್ಣನ್ನು ಪ್ರಮಾಣವಾಗಿ ಹಿಡಿಯೋಣವೆಂದರೆ, ಮಣ್ಣು ಕಾರಣವಹುದು. ಆದರೆ ಮಡಕೆಗೆ ಮಣ್ಣು ಹೇಗೋ ಹಾಗೆ ಉಪಾದಾನಕಾರಣ. ಕುಂಬಾರನಿಲ್ಲದೆ ಮಣ್ಣು ತಾನಾಗಿ ಮಡಕೆಯಾದುದುಂಟೆ? ಒಂದು ಕಾಯಿಯನ್ನು ಒಂದು ಊರಿನದನ್ನಾಗಿ ಮಾಡುವುದು ಆ ಊರಿನವರು ತಲೆಮಾರುಗಳಿಂದ ಮಾಡುತ್ತ ಬಂದ ಆಯ್ಕೆ. ಯಾವ ಗಿಡದ ಬೀಜವನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವು ವರ್ಷಕ್ಕೊಮ್ಮೆ, ನೂರಾರು ವರ್ಷ, ಹೆಸರಿಲ್ಲದ ಕೈಗಳಿಂದ ನಡೆದುಬಂದಿದೆ. ಹೆಸರು ಮಾತ್ರ ಆ ಕೈಗಳಿಗೆ ಸಲ್ಲುವುದು ಅಪೂರ್ವ. ಬ್ಯಾಡಗಿ ಮೆಣಸಿನಕಾಯಿಯ ಹೆಸರನ್ನೇ ನೋಡಿ. ಬ್ಯಾಡಗಿಯು ಮಾರುಕಟ್ಟೆಯ ಊರು. ಕಾಯಿಯು ಬೆಳೆಯುವುದು ಸುತ್ತಣ ಜಿಲ್ಲೆಗಳ ನೂರಾರು ಹಳ್ಳಿಗಳಲ್ಲಿ. ಲೋಕಕ್ಕೆ ಗೊತ್ತಾದುದು ತಕ್ಕಡಿಯಿದ್ದ ಊರು, ಗುದ್ದಲಿಯಿದ್ದ ಊರಲ್ಲ.

ಹೆಸರೂ ಹೊಲವೂ ಒಂದೇ ಕಡೆಯಲ್ಲಿ ಕೂಡಿಬಂದಿರುವ ನಿದರ್ಶನವೊಂದು ಕರಾವಳಿಯಲ್ಲಿ ಉಂಟು. ಉಡುಪಿಯ ತೆಂಕಣಕ್ಕೆ, ಕಟಪಾಡಿಯ ಪಡುವಣಕ್ಕೆ, ಒಂದು ಮಗ್ಗುಲಿಗೆ ಕಡಲೂ ಇನ್ನೊಂದು ಮಗ್ಗುಲಿಗೆ ಹೊಳೆಯೂ ಇರುವ ಮಟ್ಟು ಎಂಬ ಗ್ರಾಮವಿದೆ. ಅಲ್ಲಿಯ ಬದನೆಗೆ ಗುಳ್ಳವೆಂದು ಹೆಸರು. ದುಂಡು ಕಾಯಿ, ತಿಳಿಹಸುರು ಬಣ್ಣ, ಮೈಮೇಲೆ ಬೆಳ್ಳನೆಯ ಗೆರೆಗಳು, ತೊಟ್ಟಿನಲ್ಲಿ ಮುಳ್ಳು, ತೆಳುವಾದ ಸಿಪ್ಪೆ. ಸೋದೆ ಮಠದ ಶ್ರೀ ವಾದಿರಾಜ ಯತಿಗಳು ಇದರ ಬೀಜವನ್ನು ಮಟ್ಟುವಿನವರಿಗೆ ಅನುಗ್ರಹಿಸಿದರೆಂದು ಐತಿಹ್ಯ. ಉಡುಪಿಯಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪರ್ಯಾಯವನ್ನು ಎರಡು ವರ್ಷಕ್ಕೊಮ್ಮೆ ಬರುವಂತೆ ಏರ್ಪಡಿಸಿದವರೂ ಅವರೇ. ಇಂದಿಗೂ ಪರ್ಯಾಯದ ಹೊರೆಕಾಣಿಕೆಯಲ್ಲಿ ಮಟ್ಟುವಿನವರು ಗುಳ್ಳವನ್ನು ತಂದು ಶ್ರೀಕೃಷ್ಣಮಠಕ್ಕೆ ಒಪ್ಪಿಸುತ್ತಾರೆ. ಐತಿಹ್ಯವನ್ನು ಚರಿತ್ರಕಾರರು ಹೇಗಾದರೂ ತೂಗಿಕೊಳ್ಳಲಿ. ಅದರಲ್ಲಿ ಒಂದು ಸೂಕ್ಷ್ಮವಿದೆ. ಅಲ್ಲಿ ಗುರುವಿನಿಂದ ಬಂದುದು ಕಾಯಲ್ಲ, ಬೀಜ. ಕಾಯಿಯು ಉಂಡರೆ ತೀರುವ ಪ್ರಸಾದ. ಬೀಜವು ವರ್ಷವರ್ಷವೂ ಹೊಸದಾಗಿ ಹೊರಬೇಕಾದ ಭಾರ.

ಆ ಭಾರವು ಎಂಥದೆಂಬುದನ್ನು ಪೇಟೆಯವರು ಊಹಿಸುವುದು ಕಷ್ಟ. ಮಳೆಗಾಲದ ಭತ್ತದ ಕೊಯ್ಲಾದ ಮೇಲೆ ಅದೇ ಗದ್ದೆಯ ಮರಳುಮಿಶ್ರಿತ ಮಣ್ಣಿನಲ್ಲಿ ಸಸಿಯನ್ನು ನೆಡಬೇಕು. ಬೇಸಗೆಯವರೆಗೆ ನೀರನ್ನು ಹೊಂದಿಸಬೇಕು. ಕುಡಿಯನ್ನೂ ಕಾಯನ್ನೂ ಕೊರೆಯುವ ಹುಳುವಿನೊಡನೆ ಹೆಣಗಬೇಕು. ಒಳ್ಳೆಯ ಗಿಡದ ಒಳ್ಳೆಯ ಕಾಯಿಗೆ ಪೇಟೆಯಲ್ಲಿ ಹೆಚ್ಚಿನ ಬೆಲೆಯುಂಟು. ಆದರೆ ಬೀಜಕ್ಕೆ ಬಿಡಬೇಕಾದುದು ಆ ಒಳ್ಳೆಯ ಕಾಯನ್ನೇ. ಅದನ್ನು ಕೊಯ್ಯದೆ, ಮಾರದೆ, ಹಳದಿಯಾಗಿ ಮಾಗುವವರೆಗೆ ಗಿಡದಲ್ಲಿಯೇ ಇರಗೊಡಬೇಕು. ನೆರೆಯ ಹೊಲದಲ್ಲಿ ಬೇರೆ ಬದನೆಯಿದ್ದರೆ ದುಂಬಿಗಳ ದೆಸೆಯಿಂದ ತಳಿಯು ಬೆರಕೆಯಾದೀತೆಂಬ ಭಯವೂ ಉಂಟು. ತಾರ್ಕಿಕನ ಆಕ್ಷೇಪಕ್ಕೆ ಇಲ್ಲಿ ಉತ್ತರವು ದೊರೆಯುತ್ತದೆ. ಕೊಂಡವನು ಬೆಲೆ ತೆತ್ತುದು ಕಾಯಿಗೆ. ಮಾರದೆ ಬಿಟ್ಟ ಕಾಯಿಗೆ ಯಾರೂ ಬೆಲೆ ತೆರಲಿಲ್ಲ. ಅದನ್ನು ಬಿಟ್ಟುದಕ್ಕಾಗಿಯೇ ಈ ವರ್ಷ ಕೊಳ್ಳುವುದಕ್ಕೆ ಗುಳ್ಳವು ಉಳಿದಿದೆ. ಕ್ರಯಪತ್ರದಲ್ಲಿ ಕಾಣಿಸದ ಈ ಅಂಶವು ವಿಕ್ರಯವೂ ಅಲ್ಲ, ಪೂರ್ತಿಯಾಗಿ ದಾನವೂ ಅಲ್ಲ. ಪಿತೃಋಣ, ಋಷಿಋಣಗಳಂತೆ, ಯಾರಿಂದ ಪಡೆದೆವೋ ಅವರಿಗೆ ಹಿಂದಿರುಗಿಸಲಾಗದೆ, ಮುಂದಿನವರಿಗೆ ಸಲ್ಲಿಸಿಯೇ ತೀರಿಸಬೇಕಾದ ಋಣದ ಜಾತಿಗೆ ಅದು ಸೇರಿದುದು. ಬೆಳೆದವನು ಅದನ್ನು ತೀರಿಸುತ್ತಲೇ ಇದ್ದಾನೆ. ಉಂಡವನ ಲೆಕ್ಕದಲ್ಲಿ ಮಾತ್ರ ಅದು ಬಾಕಿ.

ಬಾಕಿಯೆಂಬುದು ಬರಿಯ ಮಾತಿನ ಚಮತ್ಕಾರವಲ್ಲವೆಂಬುದು ಈಚಿನ ಒಂದು ಪ್ರಸಂಗದಲ್ಲಿ ಬಯಲಾಯಿತು. ಕಾಯಿಕೊರಕದ ಹುಳುವನ್ನು ತಾನೇ ಕೊಲ್ಲಬಲ್ಲ ಬದನೆಯನ್ನು ವಿಜ್ಞಾನಿಗಳು ಮಣ್ಣಿನ ಸೂಕ್ಷ್ಮಜೀವಿಯೊಂದರ ಜೀನನ್ನು ಸೇರಿಸಿ ಸಿದ್ಧಪಡಿಸಿದರು. ಬಿಟಿ ಬದನೆಯೆಂದು ಹೆಸರಾದ ಈ ಪ್ರಯೋಗಕ್ಕೆ ಆರಿಸಿಕೊಂಡ ಕರ್ನಾಟಕದ ನಾಟಿ ತಳಿಗಳಲ್ಲಿ ಮಟ್ಟುವಿನ ಗುಳ್ಳವೂ ಒಂದು. 2010ರ ಫೆಬ್ರವರಿ 9ರಂದು ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶರು ಬಿಟಿ ಬದನೆಯ ವ್ಯವಸಾಯಕ್ಕೆ ತಡೆಯನ್ನು ವಿಧಿಸಿದರು. ಆ ವಿಜ್ಞಾನದ ಗುಣದೋಷಗಳು ಈ ಲೇಖನದ ವಿಷಯವಲ್ಲ. ಆದರೆ ಆಗ ಎದ್ದ ಇನ್ನೊಂದು ಪ್ರಶ್ನೆಯು ನೇರವಾಗಿ ಧರ್ಮದ ಪ್ರಶ್ನೆ. ಬೀಜವನ್ನು ಕಾದು ತಂದ ಊರಿನವರನ್ನು ಕೇಳದೆ ಅದನ್ನು ತೆಗೆದುಕೊಳ್ಳಬಹುದೆ? 2002ರ ಜೀವವೈವಿಧ್ಯ ಕಾಯಿದೆಯು ಇಂಥ ಸಂಪತ್ತಿನಿಂದ ಬಂದ ಲಾಭದಲ್ಲಿ ಅದನ್ನು ಕಾಪಾಡಿದವರಿಗೂ ಪಾಲುಂಟೆಂದು ಹೇಳುತ್ತದೆ. ಅದಕ್ಕೂ ಮುಂಚಿನ 2001ರ ಸಸ್ಯತಳಿಗಳ ಕಾಯಿದೆಯು ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ, ಮಾರುವ ಹಕ್ಕು ರೈತನಿಗೆ ಉಂಟೆಂದು ಒಪ್ಪಿಕೊಂಡಿದೆ. ಮುದ್ರೆಯೊತ್ತಿದ ಹೆಸರಿನಲ್ಲಿ ಮಾತ್ರ ಮಾರಕೂಡದು. ಸಾವಿರಾರು ವರ್ಷ ಯಾರ ಅಪ್ಪಣೆಯೂ ಇಲ್ಲದೆ ನಡೆದುಬಂದ ಕೆಲಸಕ್ಕೆ ಕೊನೆಗೆ ಅಪ್ಪಣೆಯನ್ನು ದಯಪಾಲಿಸಿದ ಈ ಔದಾರ್ಯವನ್ನು ಕಂಡು ನಗಬೇಕೋ ಸಮಾಧಾನಪಡಬೇಕೋ ವಾಚಕರೇ ನಿರ್ಣಯಿಸಲಿ.

2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆಯಿತು. ಒಂದು ಸ್ಥಳದ ಹೆಸರನ್ನು ಆ ಸ್ಥಳದ ಪದಾರ್ಥವಲ್ಲದ ಇನ್ನೊಂದಕ್ಕೆ ಹಚ್ಚಿ ಮಾರಬಾರದೆಂಬುದು 1999ರ ಕಾಯಿದೆಯ ತಿರುಳು. ಇದು ಒಳ್ಳೆಯದೇ. ಕಂಡ ಕಂಡ ದುಂಡು ಬದನೆಯೆಲ್ಲ ಮಟ್ಟುವಿನದೆಂದು ಪೇಟೆಯಲ್ಲಿ ಮಾರಾಟವಾಗುತ್ತಿದ್ದ ಕಾರಣ ಬೆಳೆಗಾರರು ಕಾಯಿಗೆ ಚೀಟಿಯನ್ನು ಅಂಟಿಸಿ ಕಳುಹುವ ಏರ್ಪಾಡನ್ನೂ ಮಾಡಿಕೊಂಡರು. ಆದರೆ ಕಾಯಿದೆಯು ಕಾಪಾಡುವುದು ಹೆಸರನ್ನು. ಹೆಸರಿನ ಹಿಂದಿರುವ ಜೀವನವನ್ನು ಕಾಪಾಡುವುದು ಯಾವ ಮುದ್ರೆಯಿಂದಲೂ ಆಗುವ ಕೆಲಸವಲ್ಲ.

ಇದಕ್ಕೆ ನಂಜನಗೂಡಿನ ರಸಬಾಳೆಯೇ ಸಾಕ್ಷಿ. ಕರ್ನಾಟಕದಲ್ಲಿ ಮೊದಮೊದಲು ಭೌಗೋಳಿಕ ಗುರುತನ್ನು ಪಡೆದ ಬೆಳೆಗಳಲ್ಲಿ ಅದೂ ಒಂದು. ಆ ಗುರುತು ಬರುವಷ್ಟರಲ್ಲಿ, ಪನಾಮಾ ಸೊರಗು ರೋಗವೆಂಬ ಮಾರಿಯು ತೋಟತೋಟಗಳನ್ನು ಹೊಕ್ಕು, ಬಾಳೆಯು ತನ್ನ ಊರಿನಲ್ಲಿಯೇ ಅಪರೂಪವಾಗಿತ್ತು. ಈ ಶಿಲೀಂಧ್ರವು ಒಮ್ಮೆ ಮಣ್ಣನ್ನು ಸೇರಿದರೆ ಹಲವಾರು ವರ್ಷ ಹೋಗುವಂತಿಲ್ಲ. ಗಿಡವು ಬುಡದಿಂದ ಸೊರಗಿ ಬಿದ್ದ ತೋಟವನ್ನು ಕಂಡ ರೈತನು ಎರಡು ಸಲ, ಮೂರು ಸಲ ನೆಟ್ಟನು. ಆಮೇಲೆ ಬೇರೆ ಬಾಳೆಗೋ ಬೇರೆ ಬೆಳೆಗೋ ತಿರುಗಿದನು. ಮೈಸೂರಿನ ಮನೆಗಳಲ್ಲಿ ಆಗ ಕೇಳಿಬಂದ ಮಾತು ಏನು? ಹಳೆಯ ರುಚಿ ಹೋಯಿತು, ಹಳೆಯ ಪರಿಮಳ ಹೋಯಿತು, ಈಗಿನ ರೈತರಿಗೆ ದುಡ್ಡಿನದೇ ಆಸೆ. ಸೊರಗಿದ ತೋಟದ ನಷ್ಟದಲ್ಲಿ ಒಂದು ಬಿಲ್ಲೆಯನ್ನೂ ಹಂಚಿಕೊಳ್ಳದವರು ರುಚಿಯ ನಷ್ಟವನ್ನು ಮಾತ್ರ ರೈತನ ತಲೆಗೆ ಕಟ್ಟಿದರು.

ಸ್ತುತಿಯ ಒಳಗೆ ಅಡಗಿರುವ ಸಂಕೋಲೆಯು ಇಲ್ಲಿ ಕಾಣಿಸುತ್ತದೆ. ‘ನೀವು ಎಂಥ ಪುಣ್ಯಾತ್ಮರು, ಇದನ್ನು ಎಂದೂ ಬಿಡಬೇಡಿ’ ಎಂದು ಹೇಳುವವನು ಅರಿಯದೆಯೇ ಒಂದು ಆಜ್ಞೆಯನ್ನು ಮಾಡುತ್ತಾನೆ. ಅವನ ಮಗನು ಎಂಜಿನಿಯರನಾಗಿ ಬೆಂಗಳೂರಿಗೋ ಅಮೆರಿಕಕ್ಕೋ ಹೋಗಬಹುದು. ಮಟ್ಟುವಿನ ಬೆಳೆಗಾರನ ಮಗನು ಮಾತ್ರ ಗುಳ್ಳಕ್ಕೆ ನೀರೆರೆಯುತ್ತಿರಬೇಕು, ಏಕೆಂದರೆ ರಜೆಗೆ ಬಂದಾಗ ಇವನ ಮಗನಿಗೆ ಅಜ್ಜಿಯ ಕಾಲದ ಹುಳಿಯು ಬೇಕು. ಇದಕ್ಕೆ ಕೆಲವರು ಗೀತೆಯ ಸ್ವಧರ್ಮವನ್ನು ಆಧಾರವಾಗಿ ಎಳೆದು ತರುವುದೂ ಉಂಟು. ಆದರೆ ಗೀತೆಯಲ್ಲಿ ಸ್ವಧರ್ಮದ ವಿಚಾರವು ಬಂದುದು ಅರ್ಜುನನು ತನ್ನ ಕರ್ತವ್ಯವಾವುದೆಂದು ತಾನೇ ಕಂಗೆಟ್ಟು ಕೇಳಿದಾಗ. ಉತ್ತರ ಹೇಳಿದವನಾದರೋ ಅವನ ಕುದುರೆಗಳ ಲಗಾಮನ್ನು ಹಿಡಿದು, ಅವನಿಗಿಂತ ಮುಂದೆ ಕುಳಿತು, ಬಾಣಗಳ ನಡುವೆ ಅದೇ ರಥದಲ್ಲಿದ್ದವನು. ಸ್ವಧರ್ಮವೆಂಬುದು ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ. ಜಗಲಿಯ ಮೇಲೆ ಕುಳಿತು ಪರರಿಗೆ ಹಂಚುವ ವಸ್ತುವಲ್ಲ. ರಥವನ್ನೇರದವನಿಗೆ ಗೀತೆಯನ್ನು ಹೇಳುವ ಅಧಿಕಾರವಿಲ್ಲ.

ಹಾಗೆಂದು ಬೀಜವು ಅಳಿದರೆ ಅಳಿಯಲಿ, ಬೆಳೆಗಾರನ ಇಷ್ಟ ಎಂದು ಕೈತೊಳೆದುಕೊಳ್ಳುವುದೂ ತಕ್ಕುದಲ್ಲ. ಒಮ್ಮೆ ಅಳಿದ ತಳಿಯನ್ನು ಯಾವ ಪಶ್ಚಾತ್ತಾಪವೂ ಮರಳಿ ತರಲಾರದು. ಆ ನಷ್ಟವು ಇನ್ನೂ ಹುಟ್ಟದವರಿಗೂ ತಟ್ಟುವಂಥದು. ಉಳಿಯಬೇಕೆಂಬ ಬಯಕೆಯೂ ನ್ಯಾಯವೇ, ಬಿಡುವ ಸ್ವಾತಂತ್ರ್ಯವೂ ನ್ಯಾಯವೇ. ಇವೆರಡರ ನಡುವಣ ವಿರೋಧವು ಮಾತಿನಿಂದ ಪರಿಹಾರವಾಗುವುದಲ್ಲ. ಉಳಿಯಲೆಂದು ಬಯಸುವವನು ಉಳಿಸುವ ಕಷ್ಟದಲ್ಲಿ ಪಾಲುಗಾರನಾದಲ್ಲಿ ಮಾತ್ರ ಅವನ ಬಯಕೆಗೆ ಯೋಗ್ಯತೆಯು ಬರುತ್ತದೆ. 1970ರ ದಶಕದಲ್ಲಿ ಜಪಾನಿನ ಪಟ್ಟಣದ ಗೃಹಿಣಿಯರು ‘ತೇಯ್ಕೇಯ್’ ಎಂಬ ಏರ್ಪಾಡನ್ನು ಮಾಡಿಕೊಂಡುದು ಈ ಬಗೆಯದು. ಹತ್ತಾರು ಮನೆಗಳವರು ಸೇರಿ ಒಬ್ಬ ರೈತನೊಡನೆ ಒಪ್ಪಂದ ಮಾಡಿಕೊಂಡು, ಅವನ ಹೊಲದಲ್ಲಿ ಬಂದುದನ್ನು, ಸೊಟ್ಟಗಿದ್ದರೂ ಹುಳು ಕಡಿದಿದ್ದರೂ, ಮೊದಲೇ ಗೊತ್ತಾದ ಬೆಲೆಗೆ ತೆಗೆದುಕೊಳ್ಳುವರು. ಬೆಳೆಯು ಕೆಟ್ಟ ವರ್ಷ ಕಡಮೆಯಲ್ಲಿ ಸುಧಾರಿಸಿಕೊಳ್ಳುವರು. ಅಲ್ಲಿ ಹೊಗಳಿಕೆಗೆ ಹೆಚ್ಚು ಅವಕಾಶವಿಲ್ಲ. ಮುಂಗಡವಾಗಿ ಎಣಿಸಿ ಕೊಟ್ಟ ಹಣಕ್ಕೆ ಅವಕಾಶವಿದೆ.

ಈ ನಾಡಿನ ಹಳ್ಳಿಗಳಲ್ಲಿಯೂ ಇದಕ್ಕೆ ದೂರದ ಹೋಲಿಕೆಯೊಂದು ಇತ್ತು. ಕಣದಲ್ಲಿ ರಾಶಿಯನ್ನು ಪೂಜಿಸಿ, ಧಾನ್ಯವು ಮನೆಯನ್ನು ಸೇರುವುದಕ್ಕೆ ಮುಂಚೆಯೇ, ಕಮ್ಮಾರ, ಬಡಗಿ, ಕುಂಬಾರ, ತೋಟಿ, ತಳವಾರ ಮುಂತಾದ ಆಯಗಾರರಿಗೆ ಅವರವರ ಪಾಲನ್ನು ಅಳೆದು ಕೊಡುತ್ತಿದ್ದರು. ಮಳೆ ಹೋದ ವರ್ಷ ಎಲ್ಲರ ಪಾಲೂ ಇಳಿಯುತ್ತಿತ್ತು. ಆ ವ್ಯವಸ್ಥೆಯನ್ನು ಸತ್ಯಯುಗದ್ದೆಂದು ಕೊಂಡಾಡುವುದು ಬೇಡ. ಕಣದ ಯಾವ ಮೂಲೆಯಲ್ಲಿ ಯಾರು ನಿಲ್ಲಬೇಕು, ಯಾರ ಸೆರಗಿಗೆ ಎಷ್ಟು ದೂರದಿಂದ ಸುರಿಯಬೇಕು ಎಂಬುದನ್ನೆಲ್ಲ ಜಾತಿಯು ಗೊತ್ತುಮಾಡಿತ್ತು. ಕರಾವಳಿಯಲ್ಲಂತೂ ಚಾಲಗೇಣಿಯ ಒಕ್ಕಲು ಬೆಳೆದ ಅಕ್ಕಿಯು ಗೇಣಿಯಾಗಿ ಒಡೆಯನ ಮನೆಗೆ ಹೋಗಿ, ಬೆಳೆದವನಿಗೆ ಗಂಜಿಯು ಉಳಿಯುತ್ತಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನು ಒಡೆಯನಾದನು. ಇಂದು ಊರಿನ ಬೆಳೆಗಾರನೆಂದು ಚಿತ್ರಕ್ಕೆ ನಿಲ್ಲುವ ಎಷ್ಟೋ ಮಂದಿಯ ತಂದೆ ತಾಯಂದಿರಿಗೆ ಆ ದಿನಕ್ಕೆ ಮುಂಚೆ ಆ ಹೆಸರು ಸಲ್ಲುತ್ತಿರಲಿಲ್ಲ. ಚಿತ್ರದ ಹೊರಗೆ ಈಗಲೂ ಕೆಲವರು ನಿಂತಿದ್ದಾರೆ. ನಟ್ಟಿಗೆ ಬಗ್ಗುವ, ಕಳೆ ಕೀಳುವ, ಕಾಯಿ ಕೊಯ್ದು ಬುಟ್ಟಿ ಹೊರುವ ಕೂಲಿಯ ಹೆಂಗಸರಿಗೆ ಪಹಣಿಯಲ್ಲಿಯೂ ಹೆಸರಿಲ್ಲ, ಪ್ರದರ್ಶನದ ಫಲಕದಲ್ಲಿಯೂ ಹೆಸರಿಲ್ಲ. ಅನ್ನದಾತನು ಯಾರೆಂಬ ಪ್ರಶ್ನೆಯನ್ನು ಪುಲ್ಲಿಂಗದಲ್ಲಿಯೇ ಕೇಳುವ ಅಭ್ಯಾಸವೂ ಅವರನ್ನು ಹೊರಗೆ ನಿಲ್ಲಿಸಿದುದರಲ್ಲಿ ಸೇರಿದೆ.

ಉಣ್ಣುವವರ ಮನೆಯಲ್ಲಿ ಇವುಗಳಿಂದ ಏನು ಬದಲಾಗಬೇಕೆಂಬುದನ್ನು ಶಾಸ್ತ್ರವಾಗಿ ಬರೆದಿಡುವ ಅಗತ್ಯವಿಲ್ಲ. ಅದು ಸಂತೆಗೆ ಹೋದವರಿಗೆ ತಾನಾಗಿ ಗೊತ್ತಾಗುವ ಸಂಗತಿ. ಹೋಟೆಲಿನಲ್ಲಿ ಚೀಟಿಯನ್ನು ನೋಡದೆ ಹಣವಿಟ್ಟು ಬರುವ ಸದ್ಗೃಹಸ್ಥರು ಬುಟ್ಟಿಯ ಮುಂದೆ ಕುಳಿತವಳೊಡನೆ ಎರಡು ರೂಪಾಯಿಗಾಗಿ ಕಾಲು ಗಂಟೆ ವಾದಿಸುವುದನ್ನು ಯಾರು ಕಂಡಿಲ್ಲ? ಮೊದಲ ವಾರದ ಎಳೆಯ ಗುಳ್ಳಕ್ಕೆ ಮುಗಿಬೀಳುವವರು, ಕಾಯಿ ಇಳಿದು ಬೆಲೆ ಬಿದ್ದ ವಾರದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಬೆಳೆಗಾರನಿಗೆ ಬೇಕಾದುದು ಆ ಎರಡನೆಯ ವಾರದ ಕೊಳ್ಳುವಿಕೆ. ಹೊಗಳುವವರು ಅದನ್ನು ಹೊಗಳಿಕೆಯ ಸಂಗಡವೇ ತಂದರೆ ಯಾರೂ ಬೇಡವೆನ್ನರು.

ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯು ಊರಿನ ಆಹಾರವನ್ನು ಕೊಂಡಾಡುವ ಹಳೆಯ ಬಗೆಯೊಂದರ ಮಾದರಿ. ಆ ಸೀಮೆಯಲ್ಲಿ ಕಡಲೆಕಾಯಿಯ ಹೊಲಗಳಿದ್ದ ಕಾಲದಲ್ಲಿ, ಬೆಳೆಯನ್ನು ರಾತ್ರಿಯಲ್ಲಿ ಮೇದುಹೋಗುತ್ತಿದ್ದ ಬಸವನಿಗೆ ಮೊದಲ ಫಲವನ್ನು ಒಪ್ಪಿಸುತ್ತೇವೆಂದು ರೈತರು ಹರಕೆ ಹೊತ್ತರೆಂದು ಕಥೆ. ಹೊಲಗಳು ಹೋಗಿ ಮನೆಗಳಾಗಿ ಬಹುಕಾಲವಾಯಿತು. ದೂರದ ತಾಲ್ಲೂಕುಗಳಿಂದಲೂ ನೆರೆಯ ಸೀಮೆಗಳಿಂದಲೂ ಮೂಟೆಗಳನ್ನು ತಂದು ರಸ್ತೆಯ ಇಕ್ಕೆಲದಲ್ಲಿ ರಾಶಿ ಹಾಕಿ ಕುಳಿತುಕೊಳ್ಳುತ್ತಾರೆ. ಅಲ್ಲಿ ಭಾಷಣವು ನಡೆದರೂ ಯಾರೂ ಕೇಳುವುದಿಲ್ಲ. ರಾಶಿಯ ಹಿಂದೆ ಕುಳಿತ ಮುದುಕಿಯು ಬೆಲೆಯನ್ನು ಹೇಳುತ್ತಾಳೆ, ಕೊಳ್ಳುವವನು ಇಳಿಸುತ್ತಾನೆ, ಎಲ್ಲಿಯೋ ಒಂದು ಕಡೆ ಒಪ್ಪಂದವಾಗುತ್ತದೆ. ಅವಳು ಸೇರನ್ನು ತುಂಬಿ, ತುದಿಯು ಗೋಪುರವಾಗುವಂತೆ ಏರಿಸಿ ಅಳೆದು, ಚೀಲಕ್ಕೆ ಸುರಿಯುತ್ತಾಳೆ. ಲೆಕ್ಕವು ಅಲ್ಲಿಗೆ ತೀರಿತು. ಹಣವೂ ಸೊಂಟದ ಚೀಲವನ್ನು ಸೇರಿತು. ಆಮೇಲೆ, ಯಾವ ಕರಾರಿನಲ್ಲಿಯೂ ಇಲ್ಲದ ಒಂದು ಬೊಗಸೆಯನ್ನು ಅವಳು ರಾಶಿಯಿಂದ ಮೊಗೆದು ಕೊಸರೆಂದು ಮೇಲೆ ಹಾಕುತ್ತಾಳೆ. ಕೊಂಡವನು ಚೀಲದ ಬಾಯಿಯನ್ನು ಇನ್ನಷ್ಟು ಅಗಲಿಸಿ ಹಿಡಿಯುತ್ತಾನೆ.